ಬೆಳ್ಳುಳ್ಳಿ ಕೈಕೊಟ್ಟರೆ ಎಲೆಗಿಂತ ಮುಂಚೆ ಬುಡ ನೋಡಿ

ನಮ್ಮ ಕಡೆ ಯಾವ ಗಿಡ ಬಾಡಿದರೂ ಮೊದಲು ನೆನಪಾಗುವುದು ಬೋರ್ಡೋ. ಅಡಿಕೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಕಲಸಿ ಕೈ ಪಳಗಿಬಿಟ್ಟಿದೆ. ಬದನೆಯೋ ಬೆಳ್ಳುಳ್ಳಿಯೋ, ಎಲೆ ಹಳದಿಯಾಯಿತೆಂದರೆ ಸಾಕು, ಪಂಪು ಹೆಗಲಿಗೇರಿತು. ನಾನೂ ಅದೇ ಸಾಲಿನವನು. ಶಿರಸಿ ಹತ್ತಿರ ಮನೆ ಹಿಂದಿನ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಎರಡು ಗುಂಟೆ ಬೆಳ್ಳುಳ್ಳಿ ಹಾಕಿದ ಮೊದಲ ವರ್ಷ ಎಲೆಗೆ ಮೂರು ಸಲ ಹೊಡೆದೆ. ರೋಗ ಎಲೆಯಲ್ಲಿ ಇರಲೇ ಇಲ್ಲ. ಅರ್ಧ ಬೀಜದೊಳಗಿತ್ತು, ಇನ್ನರ್ಧ ನಾನೇ ಹೊದಿಕೆಯಾಗಿ ಹಾಸಿದ ದರಕಿನ (ಒಣ ಎಲೆಯ) ಕೆಳಗಿತ್ತು.

ಆಮೇಲೆ ನಾಲ್ಕು ಹಂಗಾಮು ಬೆಳೆದಿದ್ದೇನೆ. ಯಾರಾದರೂ ಫೋನ್ ಮಾಡಿ "ಬೆಳ್ಳುಳ್ಳಿ ಹಾಳಾಗಿದೆ, ಎಂತ ಹೊಡೆಯಲಿ?" ಎಂದರೆ ಈಗ ಎರಡೇ ಪ್ರಶ್ನೆ ಕೇಳುತ್ತೇನೆ. ನೆಟ್ಟು ಎಷ್ಟು ದಿನವಾಯಿತು? ಕಿತ್ತು ನೋಡಿದ್ದೀರಾ? ಎರಡನೆಯದಕ್ಕೆ ಹೌದು ಎಂದವರು ಇದುವರೆಗೆ ಇಬ್ಬರೋ ಮೂವರೋ.

ಹುಡುಕಲು ಬೇಕಾದ ಸಾಮಾನು ಕಡಿಮೆ. ಹರಿತವಾದ ಚಾಕು, ಒಂದು ಬಿಳಿ ಕಾಗದ, ನೂರು ಡಿಗ್ರಿವರೆಗೆ ತೋರಿಸುವ ಥರ್ಮಾಮೀಟರ್ (ಜ್ವರದ್ದು ನಡೆಯುವುದಿಲ್ಲ), ನೆಟ್ಟ ತಾರೀಖು ಗುರುತು ಹಾಕಿದ ಕ್ಯಾಲೆಂಡರ್. ಐದು ಗಿಡ ಕೀಳಿ: ಮೂರು ಕೆಟ್ಟವು, ಎರಡು ಚೆನ್ನಾಗಿರುವವು. ಚೆನ್ನಾಗಿರುವುದನ್ನು ಕೀಳಲು ಕೈ ಬರುವುದಿಲ್ಲ, ಗೊತ್ತು. ಆದರೆ ಸರಿಯಾದ ಬೇರು ಹೇಗಿರುತ್ತದೆಂದು ಪಕ್ಕದಲ್ಲಿಟ್ಟು ನೋಡದೆ ಕೆಟ್ಟ ಬೇರು ಗುರುತಾಗುವುದಿಲ್ಲ. ಎಲೆ ಹಿಡಿದು ಜಗ್ಗಬೇಡಿ, ಬೇರೆಲ್ಲ ಮಣ್ಣಿನಲ್ಲೇ ಉಳಿಯುತ್ತದೆ. ಕೈಗುದ್ದಲಿಯಲ್ಲಿ ಮಣ್ಣುಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ತೊಳೆಯಿರಿ. ಎತ್ತುವ ಮೊದಲು ಸುತ್ತಲಿನ ಹೊದಿಕೆಯನ್ನು ನಿಧಾನವಾಗಿ ಸರಿಸಿ, ಅದರ ಅಡಿಭಾಗ ನೋಡಿ, ಮೂಸಿ. ಒಳ್ಳೆಯ ಹೊದಿಕೆಯ ಕೆಳಗೆ ಬೆಟ್ಟದ ಮಣ್ಣಿನ ವಾಸನೆ ಇರುತ್ತದೆ. ಹುಳಿ ವಾಸನೆ ಬಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಹದಿನೈದು ದಿನವಾದರೂ ಹುಟ್ಟಲಿಲ್ಲ

ಸರಿಯಾದ ಎಸಳು ಒಂದು ವಾರದಿಂದ ಹದಿನೈದು ದಿನದೊಳಗೆ ಮೊಳಕೆ ತೋರಿಸಬೇಕು. ನನ್ನ ಮೊದಲ ವರ್ಷ ಇಪ್ಪತ್ತು ದಿನವಾದರೂ ಹತ್ತರಲ್ಲಿ ನಾಲ್ಕು ಮಾತ್ರ ಹುಟ್ಟಿದ್ದವು. ನೀರು ಹೆಚ್ಚಾಯಿತು ಎಂದುಕೊಂಡು ನೀರು ನಿಲ್ಲಿಸಿದೆ. ಪಕ್ಕದ ಮನೆ ದೊಡ್ಡಪ್ಪ ಬಂದು ನಾಲ್ಕು ಕಡೆ ಬೆರಳಿನಲ್ಲೇ ಕೆದಕಿ, ಒಂದು ಎಸಳು ಎತ್ತಿ ಉಗುರಿನಿಂದ ಸೀಳಿ ನನ್ನ ಮೂಗಿನ ಹತ್ತಿರ ಹಿಡಿದರು. "ತಮಾ, ನೀರಿನ ತಪ್ಪಲ್ಲ. ಬೀಜನೇ ಸರಿ ಇತ್ತಿಲ್ಲೆ." ಎಸಳಿನ ಬುಡದಲ್ಲಿ ನೀಲಿ-ಹಸಿರು ಬೂಷ್ಟು, ಹಳೆಯ ರೊಟ್ಟಿಯ ಮೇಲೆ ಬರುತ್ತದಲ್ಲ, ಅಂಥದ್ದು.

ಹುಟ್ಟದ ಎಸಳನ್ನು ಅಗೆದು ಉದ್ದಕ್ಕೆ ಸೀಳಿದರೆ ಹೆಚ್ಚಿನ ಕಾರಣ ಕಣ್ಣಿಗೇ ಕಾಣುತ್ತದೆ. ನೀಲಿ-ಹಸಿರು ಪುಡಿ ಇದ್ದರೆ ಪೆನಿಸಿಲಿಯಮ್ ಬೂಷ್ಟು. ಇದು ಗಾಯದ ಮೂಲಕ ಒಳಗೆ ಹೋಗುತ್ತದೆ. ಗಡ್ಡೆ ಒಡೆಯುವಾಗ ಬೇರು ಹೊರಡುವ ತಟ್ಟೆ ಹರಿದಿರುತ್ತದೆ, ಅಥವಾ ವಾರ ಮೊದಲೇ ಒಡೆದಿಟ್ಟಿರುತ್ತಾರೆ. ನಾನು ಎರಡೂ ಮಾಡಿದ್ದೆ. ಮಳೆ ಬಿಡದ ಅಕ್ಟೋಬರಿನಲ್ಲಿ ಬೇಸರಕ್ಕೆ ಜಗಲಿಯಲ್ಲಿ ಕೂತು ಹತ್ತು ಕಿಲೋ ಒಡೆದು ಗೋಣಿಯಲ್ಲಿ ತುಂಬಿಟ್ಟಿದ್ದೆ. ಈಗ ಊರುವ ಹಿಂದಿನ ದಿನವೇ ಒಡೆಯುವುದು, ಅದೂ ಹೆಬ್ಬೆರಳಿನಿಂದ ಒಂದೊಂದೇ ಬಿಡಿಸಿ. ಕಲ್ಲಿನ ಮೇಲೆ ಕುಟ್ಟಿ ಬಿಡಿಸುವುದು ಅಡುಗೆಗೆ ಸರಿ, ಬೀಜಕ್ಕಲ್ಲ.

ಬುಡ ಕಂದಾಗಿ, ಬಿಳಿ ಅಥವಾ ನಸುಗೆಂಪು ಹತ್ತಿಯಂಥ ಬೂಷ್ಟು ಕೂತಿದ್ದರೆ ಫ್ಯುಸೇರಿಯಮ್. ಇದು ಬೀಜದಲ್ಲೂ ಬರುತ್ತದೆ, ಮಣ್ಣಿನಲ್ಲೂ ಇರುತ್ತದೆ. ಎಸಳು ಲೋಳೆಯಾಗಿ ಕೆಟ್ಟ ನಾತ ಬಂದರೆ ಮಾತ್ರ ನೀರನ್ನು ದೂರಬಹುದು, ಅಂದರೆ ಬ್ಯಾಕ್ಟೀರಿಯಾ ಕೊಳೆ. ಎಸಳು ಗಟ್ಟಿಯಾಗಿ ಬೆಳ್ಳಗಿದ್ದು ಒಳಗಿನ ಹಸಿರು ಮೊಳಕೆ ಕಾಲು ಭಾಗವೂ ಏರಿಲ್ಲದಿದ್ದರೆ ಅದಿನ್ನೂ ನಿದ್ದೆಯಲ್ಲಿದೆ, ಕಾಯಿರಿ. ಈ ಸೀಳಿ ನೋಡುವ ಕೆಲಸವನ್ನು ನೆಡುವ ಮೊದಲೇ ಮಾಡಿಬಿಡುವುದು ಲೇಸು. ಚೀಲದಿಂದ ಹತ್ತು ಎಸಳು ಸೀಳಿದಾಗ ಮೊಳಕೆ ಎಸಳಿನ ಅರ್ಧಕ್ಕಿಂತ ಮೇಲೆ ಬಂದಿದ್ದರೆ ಬೀಜ ತಯಾರಾಗಿದೆ ಎಂದು ಲೆಕ್ಕ.

ಮೊಳಕೆ ಬಂದಿದೆ, ಆದರೆ ಕೆಳಮುಖವಾಗಿ ಹೊರಟು ಗಾಳದ ಹಾಗೆ ಬಾಗಿ ಮೇಲೆ ಬರುತ್ತಿದೆಯೇ? ಎಸಳು ತಲೆಕೆಳಗಾಗಿ ಕೂತಿದೆ. ಚೂಪು ತುದಿ ಮೇಲಿರಬೇಕೆಂದು ಕೆಲಸಕ್ಕೆ ಬಂದವರಿಗೆ ಬೆಳಿಗ್ಗೆ ಹೇಳಿದರೆ ಮಧ್ಯಾಹ್ನದ ಚಾ ಹೊತ್ತಿಗೆ ಮರೆತಿರುತ್ತಾರೆ. ಎರಡರಿಂದ ಮೂರು ಸೆಂಟಿಮೀಟರ್ ಆಳ ಸಾಕು.

ಉಪಚಾರವೇ ಅಪಚಾರವಾದಾಗ

ಬೀಜ ಚೆನ್ನಾಗಿತ್ತು, ಉಪಚಾರ ಮಾಡಿ ನೆಟ್ಟೆ, ಹುಟ್ಟಲಿಲ್ಲ ಎನ್ನುವವರಿಗೆ ಮುಂದಿನ ಪ್ರಶ್ನೆ: ಉಪಚಾರ ಹೇಗೆ ಮಾಡಿದಿರಿ?

ಬಿಸಿನೀರಿನಿಂದ ಶುರುಮಾಡೋಣ, ಏಕೆಂದರೆ ಹೆಚ್ಚು ಜನ ಕೈಸುಟ್ಟುಕೊಳ್ಳುವುದು ಇಲ್ಲೇ. ಎಸಳಿನೊಳಗೆ ಕೂತ ಜಂತುಹುಳು (ನೆಮಟೋಡ್) ಸಾಯಲು 49 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 20 ನಿಮಿಷ ಬೇಕು. ಅದಕ್ಕಿಂತ ಎರಡು-ಮೂರು ಡಿಗ್ರಿ ಮೇಲೇರಿದರೆ ಎಸಳೇ ಬೇಯಲು ಶುರುವಾಗುತ್ತದೆ, ಕೆಳಗಿಳಿದರೆ ಹುಳಕ್ಕೆ ಬಿಸಿನೀರು ಸ್ನಾನ ಮಾಡಿಸಿದಂತಾಯಿತು. ನಾನು ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ, 49 ಬಂದ ಕೂಡಲೇ ಐದು ಕಿಲೋ ಎಸಳು ಒಟ್ಟಿಗೆ ಸುರಿದೆ. ಥರ್ಮಾಮೀಟರ್ ಕಣ್ಣೆದುರೇ 44ಕ್ಕೆ ಇಳಿಯಿತು. ಗಾಬರಿಯಾಗಿ ಒಲೆಗೆ ಇನ್ನೆರಡು ಕೊಳ್ಳಿ ಒಟ್ಟಿದೆ. ತಾಮ್ರದ ಹಂಡೆ ತಡವಾಗಿ ಕಾಯುತ್ತದೆ, ಕಾದರೆ ನಿಲ್ಲುವುದಿಲ್ಲ. ಕೆಂಡ ಹೊರಗೆಳೆಯುವಷ್ಟರಲ್ಲಿ 54. ಆ ಐದು ಕಿಲೋದಲ್ಲಿ ಹುಟ್ಟಿದ್ದು ಬೆರಳೆಣಿಕೆ.

ಈಗ ಮಾಡುವುದು ಹೀಗೆ. ಈರುಳ್ಳಿ ಬರುವ ಬಲೆಚೀಲದಲ್ಲಿ ಎರಡು ಕಿಲೋ ಮಾತ್ರ ಕಟ್ಟಿ ಮೊದಲು 38 ಡಿಗ್ರಿ, ಅಂದರೆ ಮಗುವಿನ ಸ್ನಾನದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಡುವುದು. ಎಸಳು ಬೆಚ್ಚಗಾಗಿರುವುದರಿಂದ ಆಮೇಲೆ ಹಂಡೆಗೆ ಇಳಿಸಿದಾಗ ತಾಪ ಧಡಕ್ಕನೆ ಬೀಳುವುದಿಲ್ಲ. ಹಂಡೆಯ ಬೆಂಕಿ ಪೂರ್ತಿ ತೆಗೆದು, ಪಕ್ಕದ ಪಾತ್ರೆಯಲ್ಲಿ ಕುದಿನೀರು ಇಟ್ಟುಕೊಂಡು, ಒಂದು ಡಿಗ್ರಿ ಇಳಿದಾಗೊಮ್ಮೆ ಚೊಂಬಿನಲ್ಲಿ ಸ್ವಲ್ಪ ಸೇರಿಸಿ ಕೋಲಿನಿಂದ ಕಲಕುವುದು. ಚೀಲದ ಮೇಲೆ ನೇರ ಸುರಿಯಬಾರದು. ಇಪ್ಪತ್ತು ನಿಮಿಷ ಮುಗಿದ ಕೂಡಲೇ ಬಾವಿಯ ತಣ್ಣೀರಿನಲ್ಲಿ ಹತ್ತು ನಿಮಿಷ, ಆಮೇಲೆ ನೆರಳಿನಲ್ಲಿ ಚಾಪೆ ಮೇಲೆ. ಇಷ್ಟಾದರೂ ಕೆಲವು ಎಸಳು ಸಾಯುತ್ತವೆ. ಬೀಜ ಚೆನ್ನಾಗಿದ್ದು ಜಂತುಹುಳುವಿನ ಅನುಮಾನ ಇಲ್ಲದಿದ್ದರೆ ಈ ಗೋಜೇ ಬೇಡ ಎಂಬುದು ನನ್ನ ಅಭಿಪ್ರಾಯ. ವೈರಸ್ ಅಂತೂ ಬಿಸಿನೀರಿಗೆ ಬಗ್ಗುವುದಿಲ್ಲ.

ಬೀಜಾಮೃತದ ತಪ್ಪು ಬೇರೆ ಥರದ್ದು. 20 ಲೀಟರ್ ನೀರು, 5 ಕಿಲೋ ಸಗಣಿ, 5 ಲೀಟರ್ ಗೋಮೂತ್ರ, 50 ಗ್ರಾಂ ಸುಣ್ಣ, ಬದುವಿನ ಒಂದು ಹಿಡಿ ಮಣ್ಣು. ಪಾಕ ಎಲ್ಲರಿಗೂ ಬಾಯಿಪಾಠ. ಆದರೆ ಭತ್ತದ ಬೀಜ ನೆನೆಹಾಕಿದಂತೆ ಬೆಳ್ಳುಳ್ಳಿಯನ್ನೂ ರಾತ್ರಿಯಿಡೀ ನೆನೆಸಿ, ಒದ್ದೆ ಗೋಣಿಯಲ್ಲಿ ಕಟ್ಟಿಡುವವರಿದ್ದಾರೆ. ಬೆಳ್ಳುಳ್ಳಿಗೆ ನೀರಿನ ಹಸಿವಿಲ್ಲ, ಎಸಳಿನೊಳಗೇ ಸಾಕಷ್ಟಿದೆ. ಅದ್ದಿ ತೆಗೆದು ನೆರಳಿನಲ್ಲಿ ಆರಿಸಿ ಅವತ್ತೇ ಊರಿದರೆ ಆಯಿತು.

ಟ್ರೈಕೋಡರ್ಮಾ ಹಾಕುವುದಾದರೆ ಎಲ್ಲಕ್ಕಿಂತ ಕೊನೆಗೆ. ಅದು ರೋಗದ ಬೂಷ್ಟನ್ನು ತಡೆಯುವ, ಜೀವ ಇರುವ ಬೂಷ್ಟು. ಬಿಸಿನೀರಿಗೆ ಮೊದಲು ಹಾಕಿದರೆ ಬೇಯುತ್ತದೆ, ಬೋರ್ಡೋ ಜೊತೆ ಹಾಕಿದರೆ ತಾಮ್ರಕ್ಕೆ ಸಾಯುತ್ತದೆ. ಕಿಲೋ ಎಸಳಿಗೆ 10 ಗ್ರಾಂ, ತಣ್ಣಗಾದ ಗಂಜಿತಿಳಿಯಲ್ಲಿ ಕಲಸಿ ಸವರಿದರೆ ಅಂಟುತ್ತದೆ. ಫಲ ಕಾಣದಿದ್ದರೆ ಪೊಟ್ಟಣದ ತಾರೀಖು ನೋಡಿ, ಎಲ್ಲಿ ಇಟ್ಟಿದ್ದಿರಿ ಎಂದೂ ನೆನಪಿಸಿಕೊಳ್ಳಿ. ತಗಡಿನ ಮಾಡಿನ ಕೆಳಗೆ ಏಪ್ರಿಲ್-ಮೇ ಕಳೆದ ಪೊಟ್ಟಣದಲ್ಲಿ ಉಳಿಯುವುದು ಬಿಳಿ ಪುಡಿ ಮಾತ್ರ.

ಹೊದಿಕೆ ಎತ್ತಿ ನೋಡಿದರೆ

ಹೊದಿಕೆ ಬೆಳ್ಳುಳ್ಳಿಗೆ ಒಳ್ಳೆಯದು, ಅನುಮಾನವಿಲ್ಲ. ಬೇರು ಮೇಲೆಮೇಲೆ ಹರಡುವ ಬೆಳೆ ಇದು, ನಮ್ಮ ಚಿರೆಮಣ್ಣು (ಕೆಂಪು ಜಂಬಿಟ್ಟಿಗೆ ಮಣ್ಣು) ಜನವರಿಗೆ ಬಿರಿಯುತ್ತದೆ. ಹುಲ್ಲು ಹಾಸಿದ ಮಡಿಯಲ್ಲಿ ಕಳೆ ಕಡಿಮೆ, ಥ್ರಿಪ್ಸ್ ನುಸಿಯೂ ಕಡಿಮೆ. ಅಡಿಕೆ ತೋಟಕ್ಕೆಂದು ಸೊಪ್ಪಿನ ಬೆಟ್ಟ ಇರುವ ಊರಿನಲ್ಲಿ ಹಾಸಲು ಸಾಮಾನಿಗೂ ಬರವಿಲ್ಲ. ತೊಂದರೆ ಇರುವುದೇ ಅಲ್ಲಿ: ಬೆಟ್ಟದಲ್ಲಿ ಗುಡಿಸಿದ್ದೆಲ್ಲ ತಂದು ಸುರಿಯುತ್ತೇವೆ.

ನನ್ನ ಎರಡನೇ ವರ್ಷದ ಮಡಿಯಲ್ಲಿ ಅಲ್ಲಲ್ಲಿ ತೇಪೆ ಹಾಕಿದಂತೆ ಖಾಲಿ ಜಾಗ ಕಂಡಿತು. ಈ ಸಲ ಬೀಜ ಒಳ್ಳೆಯದಿತ್ತು. ಒಂದು ಕಡೆ ದರಕು ಎತ್ತಿದೆ. ಇಬ್ಬನಿಗೆ ನೆನೆದ ತೇಗದ ಎಲೆ ಮೂರು, ನಾಲ್ಕು ಒಂದರ ಮೇಲೊಂದು ಅಂಟಿ ಹಪ್ಪಳದಂತಾಗಿದ್ದವು. ಅದರ ಕೆಳಗೆ ಬೆಳ್ಳುಳ್ಳಿ ಮೊಳಕೆ ಬೆಳಕು ಸಿಗದೆ ಬಿಳಿಚಿಕೊಂಡು, ಶಾವಿಗೆಯ ಹಾಗೆ ಸುತ್ತಿಕೊಂಡಿತ್ತು. ಗೇಣುದ್ದ ಬೆಳೆದಿತ್ತು ಪಾಪ, ದಾರಿ ಸಿಕ್ಕಿರಲಿಲ್ಲ. ಎಲೆ ತೆಗೆದ ನಾಲ್ಕೈದು ದಿನಕ್ಕೆ ಹೆಚ್ಚಿನವು ಹಸಿರಾಗಿ ಎದ್ದು ನಿಂತವು. ತೇಗ, ಹಲಸಿನಂಥ ಅಗಲ ಎಲೆಯನ್ನು ಕೊಚ್ಚಿ ಹಾಕಬೇಕು, ಇಲ್ಲವೇ ಗಿಡ ನಾಲ್ಕು ಎಲೆ ಬಿಟ್ಟ ಮೇಲೆ ಸಾಲಿನ ನಡುವೆ ತುರುಕಬೇಕು. ಭತ್ತದ ಹುಲ್ಲಾದರೆ ಮೊಳಕೆಯೇ ತೂರಿಕೊಂಡು ಬರುತ್ತದೆ, ನಾಲ್ಕೈದು ಸೆಂಟಿಮೀಟರ್ ದಪ್ಪ ಹಾಸಿದರೆ ಸಾಕು. ಬೀಜ ಉದುರುವ ಹೊತ್ತಿಗೆ ಕೊಯ್ದ ಕರಡ (ಬ್ಯಾಣದ ಹುಲ್ಲು) ಹಾಸಿದರೆ ಹೊದಿಕೆಯ ಜೊತೆ ಮುಂದಿನ ವರ್ಷದ ಕಳೆಯನ್ನೂ ಬಿತ್ತಿದಂತೆ.

ಅಡಿಕೆ ಸಿಪ್ಪೆಯದು ಬೇರೆಯೇ ಪುರಾಣ. ನವೆಂಬರಿನಿಂದ ಅಡಿಕೆ ಸುಲಿಯುವ ಕೆಲಸ ಶುರುವಾಗಿ ಅಂಗಳದ ಮೂಲೆಯಲ್ಲಿ ಸಿಪ್ಪೆ ರಾಶಿ ಬೀಳುತ್ತದೆ. ಹಸಿ ಸಿಪ್ಪೆಯನ್ನು ಮಣ್ಣಿಗೆ ಸೇರಿಸಿದರೆ ಅದು ಕೊಳೆಯುವ ಭರದಲ್ಲಿ ಮಣ್ಣಿನ ಸಾರಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಗಿಡ ಇಡೀ ಹಳದಿಗೆ ತಿರುಗುತ್ತದೆ. ಅದನ್ನು ರೋಗವೆಂದುಕೊಳ್ಳುವುದು ಸುಲಭ. ಪರೀಕ್ಷೆಯೂ ಸುಲಭ: ಬೇರು ಬೆಳ್ಳಗೆ ಆರೋಗ್ಯವಾಗಿದ್ದರೆ, ಒಂದಕ್ಕೆ ಹತ್ತು ಪಾಲು ನೀರು ಬೆರೆಸಿದ ಗೋಮೂತ್ರವನ್ನು ಎರಡು ಸಾಲಿಗೆ ಮಾತ್ರ ಕೊಡಿ. ವಾರ, ಹತ್ತು ದಿನದಲ್ಲಿ ಆ ಸಾಲು ಹಸಿರಾದರೆ ಅದು ಹಸಿವು. ಆಗದಿದ್ದರೆ ಮಣ್ಣಿನ ಹುಳಿ ನೋಡಬೇಕು. ಘಟ್ಟದ ಚಿರೆಮಣ್ಣು ಹುಳಿ, ಬೆಳ್ಳುಳ್ಳಿ ಬಯಸುವುದು 6ರಿಂದ 7ರ ರಸಸಾರ (ಪಿಎಚ್). ಬೇರು ಮೊಂಡಾಗಿ, ಗಿಡ ಗಿಡ್ಡಾಗಿ ಕೂತಿದ್ದರೆ ಮಣ್ಣು ಪರೀಕ್ಷೆಗೆ ಕೊಟ್ಟು, ಅವರು ಹೇಳಿದಷ್ಟು ಸುಣ್ಣವನ್ನು ಮುಂದಿನ ಸಲ ನೆಡುವ ತಿಂಗಳ ಮೊದಲೇ ಹಾಕಿ. ನಿಂತ ಬೆಳೆಗೆ ಸುಣ್ಣ ಎರಚಿ ಪ್ರಯೋಜನವಿಲ್ಲ.

ಹೊದಿಕೆ ಕೆಳಗಿನ ನಿಜವಾದ ಶತ್ರು ಮಾತ್ರ ಬುಡಕೊಳೆ. ಒಂದು ಗಿಡ ಹಳದಿಯಾಗಿ ಒರಗುತ್ತದೆ, ನಾಲ್ಕು ದಿನಕ್ಕೆ ಅದರ ಅಕ್ಕಪಕ್ಕದವು. ಎಳೆದರೆ ಕುತ್ತಿಗೆಯಲ್ಲೇ ಕಿತ್ತು ಕೈಗೆ ಬರುತ್ತದೆ. ಬಾಗಿ ನೋಡಿ: ಮಣ್ಣು ಮತ್ತು ದರಕು ಸೇರುವಲ್ಲಿ ಬಿಳಿ ನೂಲು ಬೀಸಣಿಗೆಯಂತೆ ಹರಡಿರುತ್ತದೆ, ಅದರ ಮೇಲೆ ಸಾಸಿವೆ ಕಾಳಿನಂಥ ಗುಂಡು. ಮೊದಲು ಬಿಳಿ, ಆಮೇಲೆ ಕಂದು. ಸಾಸಿವೆ ಕಂಡಿತೆಂದರೆ ಅದು ಸ್ಕ್ಲೆರೋಷಿಯಮ್ ರಾಲ್ಫ್‌ಸಿ, ಈ ಬೂಷ್ಟು ಕರಾವಳಿಯ ಶೇಂಗಾ ಗದ್ದೆಯವರಿಗೆ ಹಳೆಯ ಪರಿಚಯ. ಬಿಸಿ, ತೇವ, ಹುಳಿ ಮಣ್ಣು, ಅರೆಕೊಳೆತ ಕಸ ನಾಲ್ಕೂ ಅದಕ್ಕೆ ಹಬ್ಬದೂಟ. ಹಸಿ ಅಡಿಕೆ ಸಿಪ್ಪೆಯನ್ನು ಬುಡಕ್ಕೆ ಒತ್ತಿ ಹಾಸಿದ ನಾನು ಬಾಳೆಲೆ ಹಾಕಿ ಕರೆದು ಬಡಿಸಿದ್ದೆ.

ಆ ಗಿಡಗಳನ್ನು ಸುತ್ತಲಿನ ಒಂದು ಬೊಗಸೆ ಮಣ್ಣುಸಮೇತ ಎತ್ತಿ ಸುಡಿ. ಗೊಬ್ಬರಗುಂಡಿಗೆ ಎಸೆದರೆ ಆ ಸಾಸಿವೆ ಮುಂದಿನ ವರ್ಷ ಗೊಬ್ಬರದ ಜೊತೆ ವಾಪಸು ಬರುತ್ತದೆ. ಉಳಿದ ಗಿಡಗಳ ಬುಡದಿಂದ ಹೊದಿಕೆಯನ್ನು ನಾಲ್ಕು ಬೆರಳಿನಷ್ಟು ದೂರ ಸರಿಸಿ ಬಿಸಿಲು ಬೀಳಿಸಿ, ನೀರು ಅರ್ಧಕ್ಕಿಳಿಸಿ, ಹದಿನೈದು ದಿನ ನೆರಳಿನಲ್ಲಿ ಟ್ರೈಕೋಡರ್ಮಾ ಬೆಳೆಸಿದ ಕೊಟ್ಟಿಗೆ ಗೊಬ್ಬರವನ್ನು ಬುಡಕ್ಕೆ ಕೊಡಿ. ಒರಗಿದ್ದು ಏಳುವುದಿಲ್ಲ, ಹರಡುವುದು ನಿಲ್ಲಬಹುದು. ಆ ಮಡಿಗೆ ಏಪ್ರಿಲ್-ಮೇ ಬಿಸಿಲಿನಲ್ಲಿ ಮಣ್ಣು ತೋಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮೆತ್ತಿ ನಾಲ್ಕರಿಂದ ಆರು ವಾರ ಬಿಟ್ಟೆ. ಮುಂದಿನ ವರ್ಷ ಅಲ್ಲಿ ಬೆಳ್ಳುಳ್ಳಿ ಹಾಕಲಿಲ್ಲ, ಹಾಕಲೂ ಬಾರದು. ಸಿಪ್ಪೆಯನ್ನು ಈಗ ಒಂದು ಮಳೆಗಾಲ ಪೂರ್ತಿ ಗುಂಡಿಯಲ್ಲಿ ಕೊಳೆಸಿ ಕಪ್ಪಾದ ಮೇಲೆಯೇ ತರುವುದು.

ಒರಲೆ (ಗೆದ್ದಲು) ಒಣ ಹುಲ್ಲಿಗೆ ಬರುತ್ತದೆ, ಹೊದಿಕೆ ತೇವವಿದ್ದರೆ ಅಷ್ಟಾಗಿ ಕಾಡುವುದಿಲ್ಲ. ಕೋಳಿ ಕೆದಕಿದ್ದನ್ನು ರೋಗವೆಂದು ತಿಳಿದು ನನ್ನನ್ನು ಕರೆಸಿದ ಮನೆಯೂ ಒಂದಿದೆ, ಊರು ಹೇಳುವುದಿಲ್ಲ.

ಇನ್ನು ಎಲೆ

ಎಲೆ ಕೊನೆಗೆ ಎಂದೆ, ಬೇಡವೇ ಬೇಡ ಎನ್ನಲಿಲ್ಲ. ಗಿಡವನ್ನು ಬಿಳಿ ಕಾಗದದ ಮೇಲೆ ಬಾಗಿಸಿ ತಟ್ಟಿ. ಅಕ್ಕಿನುಚ್ಚಿಗಿಂತ ಸಣ್ಣ ಹಳದಿ ಹುಳು ಓಡಾಡಿದರೆ, ಎಲೆಯ ಮೇಲೆ ಬೆಳ್ಳಿ ಗೀಚು ಇದ್ದರೆ, ಥ್ರಿಪ್ಸ್. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ನೀರು, ಸಂಜೆ ಹೊತ್ತು ಎಲೆ ಸಂದಿಗೆ ಇಳಿಯುವಂತೆ ಹೊಡೆಯಬೇಕು. ಕಾಗದದ ಮೇಲೆ ಏನೂ ಕಾಣುತ್ತಿಲ್ಲ, ಆದರೆ ಎಲೆಗಳು ಬಿಚ್ಚಿಕೊಳ್ಳದೆ ಒಂದಕ್ಕೊಂದು ಸಿಕ್ಕಿ ತಿರುಚಿವೆ, ಅಂಚು ಹಳದಿ ಎಂದಾದರೆ ಅದು ಕಣ್ಣಿಗೆ ಕಾಣದ ಮೈಟ್ ನುಸಿ. ಇದೂ ಎಸಳಿನ ಸಿಪ್ಪೆಯೊಳಗೇ ಕೂತು ಬಂದದ್ದು. ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಕೆಲಸ ಮಾಡುತ್ತದೆ, ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಲೆಯ ನಡುವೆ ನೇರಳೆ ಬಣ್ಣದ, ಹಳದಿ ಅಂಚಿನ ಕಣ್ಣಿನಾಕಾರದ ಮಚ್ಚೆ ಬಂದರೆ ನೇರಳೆ ಮಚ್ಚೆರೋಗ. ಇಬ್ಬನಿ ಹತ್ತು ಗಂಟೆಯವರೆಗೂ ಆರದ ತಗ್ಗಿನಲ್ಲಿ ಬರುತ್ತದೆ. ಬೋರ್ಡೋಗೆ ಜಾಗವಿದ್ದರೆ ಇಲ್ಲೊಂದೇ. ಎಲೆಯಲ್ಲಿ ಹಳದಿ-ಹಸಿರು ಗೀಟು ಇದ್ದು ಗಿಡ ಸೊರಗಿದ್ದರೆ ವೈರಸ್, ಅದಕ್ಕೆ ಮದ್ದಿಲ್ಲ. ಅಂಥ ಗಿಡದ ಗಡ್ಡೆಯನ್ನು ಬೀಜಕ್ಕೆ ಇಡದಿದ್ದರೆ ಸರಿ.

ಗಡ್ಡೆ ಬಂತು, ಎಸಳಿಲ್ಲ

ಮಾರ್ಚಿನಲ್ಲಿ ಕಿತ್ತಾಗ ಕೆಲವರಿಗೆ ಸಣ್ಣ ಈರುಳ್ಳಿಯಂಥ ಒಂಟಿ ಉಂಡೆ ಸಿಗುತ್ತದೆ. ಕತ್ತರಿಸಿದರೆ ಒಂದೇ ಎಸಳು. ಗೊಬ್ಬರ ಕಡಿಮೆಯಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ, ಫ್ರಿಜ್ಜಿನ ಪ್ರಸಂಗ ನಡೆಯುವವರೆಗೆ.

ಬೀಜಕ್ಕೆ ನೆಡುವ ಮೊದಲು ಚಳಿ ತಾಗಿಸಬೇಕು, 5ರಿಂದ 10 ಡಿಗ್ರಿಯಲ್ಲಿ ತಿಂಗಳೋ ಒಂದೂವರೆ ತಿಂಗಳೋ ಇಟ್ಟರೆ ಗಡ್ಡೆ ಎಸಳಾಗಿ ಒಡೆಯುತ್ತದೆ ಎಂದು ಓದಿ, ಸೆಪ್ಟೆಂಬರಿನಲ್ಲಿ ಹತ್ತು ಕಿಲೋ ಗಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲೂ ಕೆಳಗಿನ ಕಪಾಟಿನಲ್ಲೂ ತುಂಬಿದೆ. ವಾರದಲ್ಲಿ ಪಿತೃಪಕ್ಷ ಬಂತು. ಮಾಲಯದ (ಪಿತೃಪಕ್ಷದ ಶ್ರಾದ್ಧದ) ಅಡುಗೆ ಮಾಡುವ ಮನೆ ನಮ್ಮದು. ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದವಳು ಮೂಗು ಮುಚ್ಚಿ ಹಾಗೇ ಹಾಕಿದಳು. "ಮಾಲಯಕ್ಕೆ ಇದರೊಳಗೆ ಬೆಳ್ಳುಳ್ಳಿ ಇದ್ರೆ ಆಗ್ತಿಲ್ಲೆ." ಅರ್ಧ ಚೀಲ ಪಕ್ಕದ ಮನೆಯ ಫ್ರಿಜ್ಜಿಗೆ ಹೋಯಿತು. ಅಲ್ಲಿ ಹಿಡಿಸದ ಐದು ಕಿಲೋ ಸೌದೆ ಕೊಟ್ಟಿಗೆಗೆ ಹೋಗಿ, ಅಲ್ಲೇ ಮರೆತುಹೋಯಿತು.

ಎರಡನ್ನೂ ನವೆಂಬರ್ ಮೊದಲ ವಾರ ಒಂದೇ ಮಡಿಯಲ್ಲಿ, ಒಂದೇ ಗೊಬ್ಬರಕ್ಕೆ, ಒಂದೇ ಹೊದಿಕೆಗೆ ಊರಿದೆ. ನಾಲ್ಕು ತಿಂಗಳ ಮೇಲೆ ಕಿತ್ತಾಗ ಫ್ರಿಜ್ಜಿನ ಸಾಲಿನಲ್ಲಿ ಎಸಳು ಮೂಡಿದ ಗಡ್ಡೆ, ಕೊಟ್ಟಿಗೆಯ ಸಾಲಿನಲ್ಲಿ ಬಹುಪಾಲು ಒಂಟಿ ಉಂಡೆ. ಗೊಬ್ಬರದ ಮಾತು ಅವತ್ತಿಗೆ ಬಿಟ್ಟೆ. ಅಮ್ಮನ ಮಡಿಯಿಂದಾಗಿ ಕೃಷಿ ಪ್ರಯೋಗವೊಂದು ಸಾಂಗವಾಗಿ ನೆರವೇರಿತು.

ಕಾರಣ ಹೀಗೆ. ಬೆಳ್ಳುಳ್ಳಿಗೆ ಚಳಿಯ ನೆನಪು ಬೇಕು, ಆಮೇಲೆ ಉದ್ದವಾಗುವ ಹಗಲು ಬೇಕು. ಶಿರಸಿಯಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು ಹನ್ನೊಂದೂ ಕಾಲು ಗಂಟೆ. ಮಾರ್ಚ್ ಕೊನೆಗೂ ಹನ್ನೆರಡು ಗಂಟೆ ದಾಟಿ ಸ್ವಲ್ಪವೇ. ಹಿಮಾಲಯದ ತಪ್ಪಲಿಗೆಂದು ತಯಾರಾದ ಅಗ್ರಿಫೌಂಡ್ ಪಾರ್ವತಿಯಂಥ ದಪ್ಪ ಎಸಳಿನ ತಳಿ ನಮ್ಮ ಹಗಲಿಗೆ ಗಡ್ಡೆ ಕಟ್ಟುವುದಿಲ್ಲ, ಹುಲ್ಲಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ದಪ್ಪಗೆ ಚಂದ ಕಾಣುವ ಬೆಳ್ಳುಳ್ಳಿ ಎಲ್ಲಿಯದೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಬಯಲುಸೀಮೆಯ ಬೀಜ ತನ್ನಿ. ಗದಗ ಕಡೆಯ ಜವಾರಿ ಆಗುತ್ತದೆ, ಪುಣೆ ಹತ್ತಿರದ ರಾಜಗುರುನಗರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ಕೇಂದ್ರದ ಭೀಮಾ ಪರ್ಪಲ್, ಭೀಮಾ ಓಂಕಾರ್ ಆಗುತ್ತವೆ. ಎರಡೂ ನಾಲ್ಕು, ನಾಲ್ಕೂವರೆ ತಿಂಗಳ ಬೆಳೆ. ಗುಂಟೆಗೆ ಐದು ಕಿಲೋ ಲೆಕ್ಕ ಹಿಡಿಯಿರಿ, 15 ಸೆಂಟಿಮೀಟರ್ ಸಾಲು, 10 ಸೆಂಟಿಮೀಟರ್ ಗಿಡ.

ಫ್ರಿಜ್ಜಿನಿಂದ ತೆಗೆದ ಗಡ್ಡೆ ಬೆವರುತ್ತದೆ. ಒಡೆಯುವ ಮೊದಲು ನೆರಳಿನಲ್ಲಿ ಒರೆಸಿ ಆರಿಸಬೇಕು. ತೆಗೆದ ಮೇಲೆ ವಾರಗಟ್ಟಲೆ ಸೆಕೆಯಲ್ಲಿಟ್ಟರೆ ಚಳಿಯ ನೆನಪು ಮಾಸುತ್ತದೆ. ಒಂಟಿ ಉಂಡೆ ಬಂತೆಂದು ಬಿಸಾಡಬೇಡಿ, ಸುಲಿಯಲು ಸುಲಭವೆಂದು ಅಡುಗೆಮನೆಯವರು ಬೈಯುವುದಿಲ್ಲ. ಚೆನ್ನಾಗಿರುವುದನ್ನು ಮುಂದಿನ ವರ್ಷ ಇಡಿಯಾಗಿ ಊರಿದರೆ ಅದರಿಂದಲೇ ಎಸಳಿನ ಗಡ್ಡೆ ಬರುತ್ತದೆ.

ಇದಕ್ಕೆ ತದ್ವಿರುದ್ಧದ ದೋಷ, ಕೀಳುವ ಮೊದಲೇ ಎಸಳುಗಳು ಗಿಡದಲ್ಲೇ ಮೊಳೆತು ಒಂದೇ ಬುಡದಿಂದ ಹುಲ್ಲಿನ ಗೊಂಚಲಿನಂತೆ ಏಳುವುದು. ಇದು ಹೆಚ್ಚು ಪ್ರೀತಿಯ ಫಲ. ಎರಡು ತಿಂಗಳು ದಾಟಿದ ಮೇಲೂ ಜೀವಾಮೃತ, ಗೋಬರ್‌ಗ್ಯಾಸ್ ಸ್ಲರಿ, ಹಸಿ ಗೊಬ್ಬರಗಿಡದ ಸೊಪ್ಪು ಎಂದು ಸಾರಜನಕ ಕೊಡುತ್ತಲೇ ಇದ್ದರೆ, ಮೇಲಿಂದ ನೀರೂ ಹೆಚ್ಚಾದರೆ ಹೀಗಾಗುತ್ತದೆ. ಅರವತ್ತನೇ ದಿನಕ್ಕೆ ಗೊಬ್ಬರದ ಕೈ ಬಿಡಿ, ಕೀಳಲು ಹದಿನೈದು-ಇಪ್ಪತ್ತು ದಿನ ಇರುವಾಗ ನೀರೂ ನಿಲ್ಲಲಿ, ಹೊದಿಕೆಯನ್ನೂ ಬುಡದಿಂದ ಎಳೆದುಬಿಡಿ.

ದೇವಿಮನೆ ಘಟ್ಟ ಇಳಿದ ಮೇಲೆ

ಘಟ್ಟ ಇಳಿದರೆ ಕರಾವಳಿ. ಅಲ್ಲಿನ ಅಂಕೋಲೆಯ ಭಾವ ಪ್ರತಿವರ್ಷ ಕೇಳುವುದು ಒಂದೇ: "ಭಾವಾ, ಕುಮಟೆಯ ಅಳ್ವೆಕೋಡಿ, ವನ್ನಳ್ಳಿಯಲ್ಲಿ ಅಷ್ಟು ಸಿಹಿ ಈರುಳ್ಳಿ ಬೆಳೆದು ಹೆದ್ದಾರಿ ಬದಿಗೆ ಗೊಂಚಲು ತೂಗುಹಾಕ್ತಾರೆ. ನನಗೆ ಬೆಳ್ಳುಳ್ಳಿ ಯಾಕೆ ಬರೋದಿಲ್ಲ?" ಅವರ ಗಿಡದ ಫೋಟೋದಲ್ಲಿ ಎಲ್ಲ ಎಲೆಯ ತುದಿಯೂ ಒಂದೇ ಅಳತೆಗೆ ಸುಟ್ಟಿತ್ತು, ಮಚ್ಚೆಯಿಲ್ಲ, ಹುಳವಿಲ್ಲ. ಎಲ್ಲ ಗಿಡಕ್ಕೂ ಒಂದೇ ಥರ ಆಗಿದ್ದರೆ ನೀರನ್ನೋ ಗೊಬ್ಬರವನ್ನೋ ಅನುಮಾನಿಸಬೇಕು, ರೋಗ ಅಷ್ಟು ಶಿಸ್ತಾಗಿ ಬರುವುದಿಲ್ಲ. ಬಾವಿ ನೀರು ಫೆಬ್ರವರಿಯಿಂದ ಸವಳಾಗುತ್ತದೆ ಎಂದು ಆಮೇಲೆ ಬಾಯಿಬಿಟ್ಟರು, ತೆಂಗಿಗೆ ತಂದ ಉಪ್ಪುಮೀನಿನ ಗೊಬ್ಬರವನ್ನೂ ಮಡಿಗೆ ಹಾಕಿದ್ದರು. ಈರುಳ್ಳಿ, ಬೆಳ್ಳುಳ್ಳಿ ಎರಡೂ ಉಪ್ಪು ತಡೆಯುವ ಬೆಳೆಗಳಲ್ಲ. ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಅಂಚಿನ ಜಾಗವಾದರೆ ಯೋಚನೆಯೇ ಬೇಡ.

ಉಪ್ಪು ಸರಿಯಾದರೂ ಕಡಲ ಪಕ್ಕದ ರಾತ್ರಿಗೆ ನಮ್ಮಲ್ಲಿಯ ಚಳಿ ಇಲ್ಲ. ಕುಮಟೆಯ ಈರುಳ್ಳಿ ಆ ಹವೆಗೆ ಒಗ್ಗಿದ ಊರಿನ ಬೀಜ, ಬೆಳ್ಳುಳ್ಳಿಗೆ ಅಲ್ಲಿ ಅಂಥ ವಂಶ ಇಲ್ಲ. ಕಾರವಾರ, ಅಂಕೋಲೆ ಕಡೆಯವರಿಗೆ ನಾನು ಹೇಳುವುದು: ಫ್ರಿಜ್ಜಿನ ಬೀಜ ಹಾಕಿ ನಾಲ್ಕು ಸಾಲು ನೋಡಿ, ಉಳಿದದ್ದನ್ನು ಹಸಿ ಸೊಪ್ಪಿಗೆಂದೇ ಬೆಳೆದು ನಲವತ್ತೈದು ದಿನಕ್ಕೆ ಕೀಳಿ. ತಂಬುಳಿಗೂ ಆಗುತ್ತದೆ, ಮೀನುಸಾರಿಗೂ ಆಗುತ್ತದೆ. ಭಾವನಿಗೆ ಈ ಉತ್ತರ ಇಷ್ಟವಾಗಿಲ್ಲ.

ಕಿತ್ತ ಮೇಲೆ

ಘಟ್ಟದ ಮೇಲಿನವರ ಕೊನೆಯ ದೋಷ ಮಳೆಗಾಲದಲ್ಲಿ ಕಾಣುತ್ತದೆ. ಮಾರ್ಚಿನಲ್ಲಿ ಗಟ್ಟಿಯಿದ್ದ ಗಡ್ಡೆ ಆಗಸ್ಟಿಗೆ ಟೊಳ್ಳು, ಇಲ್ಲವೇ ಸಿಪ್ಪೆಯೊಳಗೆ ಕಾಡಿಗೆಯಂಥ ಕರಿ ಪುಡಿ. ಕಿತ್ತ ಕೂಡಲೇ ಸೊಪ್ಪು ಕತ್ತರಿಸಿದ್ದೀರಾ, ಕುತ್ತಿಗೆ ಹಸಿಯಿರುವಾಗಲೇ ಚೀಲಕ್ಕೆ ತುಂಬಿದ್ದೀರಾ ನೋಡಿ. ಸೊಪ್ಪುಸಮೇತ ನೆರಳಿನಲ್ಲಿ ಎರಡು ವಾರ ಒಣಗಿಸಿ, ಕುತ್ತಿಗೆ ಹಿಚುಕಿದರೆ ಜಾರದಂತಾದ ಮೇಲೆ ಜಡೆ ಹೆಣೆದು ತೂಗುಹಾಕಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ನಮ್ಮದು. ಒಲೆಯ ಮೇಲಿನ ಹೊಗೆ ಅಟ್ಟ ಇದ್ದವರು ಪುಣ್ಯವಂತರು. ಅಡುಗೆಮನೆ ಗ್ಯಾಸಿಗೆ ಬಂದ ಮೇಲೆ ನಮ್ಮಲ್ಲಿ ಹೊಗೆ ಇರುವುದು ಬಚ್ಚಲ ಒಲೆಯಲ್ಲಿ ಮಾತ್ರ. ಬೀಜದ ಜಡೆ ಈಗ ಆ ಹಂಡೆಯ ಮೇಲಿನ ಅಡ್ಡಗಳುವಿನಲ್ಲಿದೆ. ಆವಿ ತಾಗದಷ್ಟು ಎತ್ತರ, ಹೊಗೆ ತಾಗುವಷ್ಟು ಹತ್ತಿರ. ಆಗಸ್ಟ್ ಕೊನೆಯಲ್ಲಿ ಇಳಿಸಿ ಒಂದೊಂದೇ ಗಡ್ಡೆ ಹಿಚುಕಿ ನೋಡುತ್ತೇನೆ. ಮೆತ್ತಗಿರುವುದು ಅಡುಗೆಗೆ, ಗಟ್ಟಿಯಿರುವುದು ಪಿತೃಪಕ್ಷ ಕಳೆಯುವವರೆಗೆ ಪಕ್ಕದ ಮನೆಯ ಫ್ರಿಜ್ಜಿಗೆ.